ವಾರ್ಡಿಗೆ ತಿರುಗಿ ಬರುವ ದಾರಿ

ಹೊಸ ಬೋರ್ಡು ಬರೆಸುವ ಮೊದಲು ಹಳೆಯ ಬೋರ್ಡುಗಳನ್ನು ಎಣಿಸಬೇಕು. ಬಳ್ಳಾರಿಯ ಆ ಆಸ್ಪತ್ರೆಯಲ್ಲಿ ನಾನು ಮೊದಲು ಮಾಡಿದ ಕೆಲಸ ಅದು. ಒಂದು ಟ್ರಸ್ಟ್ ನಡೆಸುವ ದೊಡ್ಡ ಆಸ್ಪತ್ರೆ; ಹೆಸರು ಇಲ್ಲಿ ಬೇಡ. ಮುಂದಿನ ಹಳೆಯ ಕಟ್ಟಡದಲ್ಲಿ ವಾರ್ಡುಗಳು. ಅದರ ಹಿಂದೆ ಹೊಸದಾಗಿ ಎದ್ದ ಕಟ್ಟಡದಲ್ಲಿ ಲ್ಯಾಬು, ಸ್ಕ್ಯಾನಿಂಗು, ಬ್ಲಡ್ ಬ್ಯಾಂಕು. ಎರಡನ್ನೂ ಜೋಡಿಸಲು ಮೇಲೆ ಶೀಟು ಹೊದಿಸಿದ, ಓಣಿಯಂಥ ಒಂದು ಕಿರಿದಾದ ದಾರಿ. ಹೊಸ ಕಟ್ಟಡದ ಉದ್ಘಾಟನೆಯೊಳಗೆ ಎಲ್ಲ ಕಡೆ ದಾರಿ ತೋರಿಸುವ ಫಲಕಗಳು ನಿಲ್ಲಬೇಕು ಎಂದು ನನ್ನನ್ನು ಕರೆಸಿದ್ದರು.

ಎಣಿಸುತ್ತಾ ಹೋದಂತೆ ಕಂಡದ್ದು ಬೋರ್ಡುಗಳಿಗಿಂತ ಹೆಚ್ಚಾಗಿ ಕಾಗದಗಳು. ಗೋಡೆಗೆ ಅಂಟಿಸಿದ ಬಿಳಿ ಹಾಳೆ, ಅದರ ಮೇಲೆ ಮಾರ್ಕರ್ ಪೆನ್ನಿನ ಬಾಣ, ಆ ಬಾಣವನ್ನು ಹೊಡೆದುಹಾಕಿ ಇನ್ನೊಂದು ಬಾಣ. ಲ್ಯಾಬಿಗೆ ಹೋಗಲು ಒಂದೇ ಮೂಲೆಯಲ್ಲಿ ಮೂರು ಬಾಣಗಳಿದ್ದವು, ಮೂರು ದಿಕ್ಕಿಗೆ. ಮೂರೂ ಒಂದೊಂದು ಕಾಲಕ್ಕೆ ಸರಿಯಾಗಿದ್ದವೆಂದು ಬಾಗಿಲು ಕಾಯುವ ಗಾರ್ಡ್ ಹೇಳಿದ. ರೂಪನಗುಡಿ ಕಡೆಯವನು, ಐವತ್ತು ದಾಟಿದವನು. ನಾನು ಟೇಪು ಹಿಡಿದು ಬಂದರೆ ಸಾಕು, ಅವನಿಗೆ ಮಾತು.

"ಏನ್ ಸಾರ್, ಇವತ್ತೂ ಗ್ವಾಡಿ ಅಳೀತೀರೇನು? ನಿನ್ನಿಗಿಂತ ಬೆಳದೈತೇನು?"

"ನೋಡಬೇಕಲ್ಲ."

"ನೀವು ಬರಾಕ ಮುಂಚೆ ನಾನ ಬೋರ್ಡು ಇದ್ದೆ ಸಾರ್. ಬ್ಲಡ್ ಬ್ಯಾಂಕ್ ಎಲ್ಲಿ, ಲ್ಯಾಬ್ ಎಲ್ಲಿ ಅಂತ ಮಂದಿ ನನ್ನ ಕೇಳೋರು. ನೀವು ಬೋರ್ಡ್ ಹಾಕಿದ ಮ್ಯಾಲ ಏನ್ ಕೇಳ್ತಾರ ಹೇಳ್ರಿ ನೋಡೋಣು?"

"ಏನು ಕೇಳ್ತಾರ?"

"ಆ ಬೋರ್ಡಿನಾಗ ಏನ್ ಬರದೈತಿ ಅಂತ ಕೇಳ್ತಾರ!"

ನಾನು ನಗಲಿಲ್ಲ, ಬರೆದುಕೊಂಡೆ. ವಿಶ್ವವಿದ್ಯಾಲಯದಲ್ಲಿ ಓದುವಾಗ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತ ಪಾಠ ಒಂದೇ: ನೆನಪನ್ನು ನಂಬಬೇಡ, ನಿನ್ನದನ್ನಂತೂ ನಂಬಲೇಬೇಡ. ಮನುಷ್ಯ ಕಂಡದ್ದನ್ನು ಇಟ್ಟುಕೊಳ್ಳುವುದಿಲ್ಲ, ತನಗೆ ಬೇಕಾದಂತೆ ಮತ್ತೆ ಕಟ್ಟಿಕೊಳ್ಳುತ್ತಾನೆ. ಹಾಗಾಗಿ ನನ್ನ ಚೀಲದಲ್ಲಿ ಯಾವಾಗಲೂ ಒಂದು ದಪ್ಪ ನೋಟ್‌ಬುಕ್. ಯಾರು ಏನೆಂದರು, ನಾನು ಏನೆಂದೆ, ಎಷ್ಟು ಗಂಟೆಗೆ, ಎಲ್ಲ ಅದರಲ್ಲಿ. ಒಂದು ಕಡೆ ಕೂರಲಾಗದ ಸ್ವಭಾವ ಬೇರೆ. ಕೊಟ್ಟ ಕೋಣೆಯಲ್ಲಿ ಕೂತು ನಕ್ಷೆ ಬಿಡಿಸುವುದಕ್ಕಿಂತ ಕಾರಿಡಾರಿನಲ್ಲಿ ನಡೆದದ್ದೇ ಹೆಚ್ಚು.

ಕೆಲಸದ ಕ್ರಮ ಹೀಗಿರುತ್ತದೆ. ಬರುವ ಮನುಷ್ಯ ಎಲ್ಲೆಲ್ಲಿ ನಿಂತು ಎತ್ತ ಹೋಗಲಿ ಎಂದು ಯೋಚಿಸುತ್ತಾನೋ ಆ ಜಾಗಗಳನ್ನು ಗುರುತಿಸಬೇಕು. ಅಲ್ಲಿ ಮಾತ್ರ ಫಲಕ; ಉಳಿದ ಕಡೆ ಗೋಡೆ ಖಾಲಿ ಬಿಡಬೇಕು. ಮೊದಲು ದಪ್ಪ ಕಾಗದದಲ್ಲಿ ಮಾದರಿ ಮಾಡಿ ಟೇಪು ಹಚ್ಚಿ ಅಂಟಿಸಿ, ದೂರ ನಿಂತು ಜನ ಏನು ಮಾಡುತ್ತಾರೆಂದು ನೋಡಬೇಕು. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಆದ್ದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಬೇಕು. ಗಡಿಯ ಆಚೆಯಿಂದ ಬರುವವರಿಗೆ ತೆಲುಗಿನ ಸಾಲೊಂದು ಬೇಕು. "ರಕ್ತನಿಧಿ ಕೇಂದ್ರ ಅಂತ ಹಾಕ್ರಿ, ಚಂದ ಇರ್ತೈತಿ" ಎಂದು ಆಡಳಿತಾಧಿಕಾರಿ ಹೇಳಿದರು. ಕಾರಿಡಾರಿನಲ್ಲಿ ಹತ್ತು ಜನರನ್ನು ಕೇಳಿದೆ. ಹತ್ತೂ ಜನ ಬ್ಲಡ್ ಬ್ಯಾಂಕ್ ಎಂದರು. ಅದನ್ನೇ ಕನ್ನಡ ಅಕ್ಷರದಲ್ಲಿ ಬರೆಸಿದೆ.

ನಾನು ಹೆಮ್ಮೆಪಟ್ಟದ್ದು ಆ ಶೀಟಿನ ಓಣಿಯ ಬಗ್ಗೆ. ಒಂಬತ್ತು ಅಡಿ ಅಗಲ. ಅದರಲ್ಲಿ ಒಂದು ಬದಿಗೆ ಉದ್ದಕ್ಕೂ ಗ್ರಾನೈಟಿನ ಬೆಂಚುಗಳು, ಸತ್ತವರ ನೆನಪಿಗೆ ಮನೆಯವರು ಕೊಡಿಸಿದವು, ಒಂದೊಂದರ ಮೇಲೂ ಒಂದು ಹೆಸರು. ಉಳಿದ ಆರು ಅಡಿಯಲ್ಲಿ ಹೋಗುವವರು, ಬರುವವರು, ಸ್ಟ್ರೆಚರು. ದಿನಾ ಅಲ್ಲಿ ನೂಕುನುಗ್ಗಲು. ನಾನು ಅದನ್ನು ಏಕಮುಖ ಮಾಡಿದೆ. ವಾರ್ಡಿನಿಂದ ಹೋಗುವವರು ಓಣಿಯಲ್ಲಿ ಹೋಗಬೇಕು. ಬ್ಲಡ್ ಬ್ಯಾಂಕಿನ ಮುಂದಿನ ಬಾಗಿಲಿಂದ ಒಳಗೆ ಹೋಗಿ, ಒಂದನೇ ಕಿಟಕಿಯಲ್ಲಿ ಚೀಟಿ ಕೊಟ್ಟು, ಎರಡನೇ ಕಿಟಕಿಯಲ್ಲಿ ರಕ್ತ ತೆಗೆದುಕೊಂಡು, ಹಿಂದಿನ ಬಾಗಿಲಿಂದ ಹೊರಬಿದ್ದು, ಅಂಗಳ ದಾಟಿ, ಹಳೆಯ ಕಟ್ಟಡದ ಪಡುವಣ ಬಾಗಿಲಿಂದ ವಾರ್ಡಿಗೆ ಬರಬೇಕು. ನಕ್ಷೆಯಲ್ಲಿ ಅದೊಂದು ಚೊಕ್ಕ ಸುತ್ತು. ಓಣಿಯ ಬಾಗಿಲಿಗೆ "ಇಲ್ಲಿಂದ ಹೋಗಲು ಮಾತ್ರ" ಎಂಬ ಸ್ಟೀಲಿನ ಫಲಕ ಹಾಕಿಸಿದೆ. ಬ್ಲಡ್ ಬ್ಯಾಂಕಿನ ಮುಂದಿನ ಬಾಗಿಲಿಗೆ "ಪಾದರಕ್ಷೆ ಹೊರಗೆ ಬಿಡಿ" ಎಂಬುದನ್ನೂ ಹಾಕಿಸಿದೆ. ಅಲ್ಲಿಯವರು ಕೇಳಿದ್ದರು, ಮಾಡಿಸಿಕೊಟ್ಟೆ.

ಏಪ್ರಿಲ್‌ನಲ್ಲಿ, ಉದ್ಘಾಟನೆಗೆ ನಾಲ್ಕು ದಿನ ಇರುವಾಗ, ಮಧ್ಯಾಹ್ನದ ಹೊತ್ತಿಗೆ ಬಾಣಂತಿಯರ ವಾರ್ಡಿನ ಬಾಗಿಲಲ್ಲಿ ಗಲಾಟೆ ಕೇಳಿಸಿತು. ಹೆಡ್ ನರ್ಸ್ ಮೇಜಿನ ಮುಂದೆ ನಿಂತಿದ್ದರು. ಮೇಜಿನ ಮೇಲೆ ಥರ್ಮಾಕೋಲಿನ ಪುಟ್ಟ ಪೆಟ್ಟಿಗೆ. ಅದರ ಈಚೆ ನಲವತ್ತರ ಆಸುಪಾಸಿನ ಒಬ್ಬ ಹೆಂಗಸು, ಮುಖವೆಲ್ಲ ಬೆವರು, ಎರಡೂ ಕೈ ಪೆಟ್ಟಿಗೆಯ ಮೇಲೆ.

"ಐವತ್ತು ನಿಮಿಷ ಆಗೇತ್ರಿ ಅಕ್ಕಾರ. ಇದನ್ನ ಏರಿಸಾಕ ಬರಂಗಿಲ್ಲ."

"ಬಿಸಿ ಆಗಿಲ್ರಿ. ಸೆರಗಿನಾಗ ಸುತ್ತಿದ್ದೆ. ಮುಟ್ಟಿ ನೋಡ್ರಿ ಬೇಕಾರ."

"ಮುಟ್ಟಿ ನೋಡೂದಲ್ರಿ ಇದು. ಹೊರಗ ತಗದ ಅರ್ಧ ತಾಸಿನೊಳಗ ಹಚ್ಚಬೇಕು. ತಡಾ ಆದ್ರ ರಕ್ತನ ವಿಷ ಆಗತೈತಿ. ನಿಮ್ಮ ತಂಗಿಗೆ ನಾ ಅದನ್ನ ಹಚ್ಚಲೇನು?"

ಹೆಂಗಸು ಕೈ ತೆಗೆದರು.

ಅವರು ಕುರುಗೋಡಿನವರು. ಒಳಗೆ ಮಲಗಿದ್ದದ್ದು ಅವರ ತಂಗಿ, ಸಿರುಗುಪ್ಪಕ್ಕೆ ಕೊಟ್ಟವಳು. ಮೂರು ದಿನದ ಹಿಂದೆ ಆಪರೇಷನ್ ಮಾಡಿ ಹೆರಿಗೆಯಾಗಿತ್ತು. ಮಗು ಚೆನ್ನಾಗಿತ್ತು, ತಾಯಿಗೆ ಬಹಳ ರಕ್ತ ಹೋಗಿತ್ತು. ಬಿ ನೆಗೆಟಿವ್. ಬ್ಲಡ್ ಬ್ಯಾಂಕಿನಲ್ಲಿ ಆ ಗುಂಪಿನದು ಇದ್ದದ್ದು ಇದೊಂದೇ ಚೀಲ. ನಾಳೆ ಮಧ್ಯಾಹ್ನದವರೆಗೆ ಸಲೈನಿನ ಮೇಲೆ ನಿಭಾಯಿಸಬಹುದು, ಅದಕ್ಕಿಂತ ಮುಂದೆ ತಳ್ಳಲಾಗದು ಎಂದು ಡಾಕ್ಟರು ಹೇಳಿದರು. ತಂಗಿಯ ಗಂಡ ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಕೆಲಸಕ್ಕಿದ್ದವನು. ಫೋನು ಹಚ್ಚಿದ. ಮಿಲ್ಲಿನಲ್ಲಿ ಅದೇ ಗುಂಪಿನ ರಕ್ತದವನೊಬ್ಬ ಸಿಕ್ಕ. ಸಂಜೆ ಬಸ್ಸಿಗೆ ಬಂದು ಕೊಡುತ್ತೇನೆಂದ. ಪರೀಕ್ಷೆಯೆಲ್ಲ ಮುಗಿದು ಚೀಲ ಕೈಗೆ ಸಿಗುವುದು ಮಾರನೇ ದಿನ ಹನ್ನೆರಡಕ್ಕೆ. ಮೂರನೆಯ ಚೀಲ ಎಲ್ಲಿಯೂ ಇರಲಿಲ್ಲ.

ಹೊರಗಿನವರಿಗೆ ಗೊತ್ತಿರಲಾರದ ಸಂಗತಿ: ನಮ್ಮ ಆಸ್ಪತ್ರೆಗಳಲ್ಲಿ ಹೆಚ್ಚು ನಡೆಯುವವರು ರೋಗಿಗಳಲ್ಲ, ಜೊತೆಗೆ ಬಂದವರು. ಸ್ಯಾಂಪಲ್ ಲ್ಯಾಬಿಗೆ ಒಯ್ಯುವುದು, ರಿಪೋರ್ಟು ತರುವುದು, ಔಷಧಿ ತರುವುದು, ರಕ್ತ ತರುವುದು ಎಲ್ಲ ಅವರೇ. ನನಗೆ ಅದು ಗೊತ್ತಿತ್ತು. ನಾನೂ ಸಿರುಗುಪ್ಪದವನೇ, ಈ ಜನ ಹೇಗೆ ಓಡಾಡುತ್ತಾರೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಸೊಕ್ಕೂ ಇತ್ತು.

ಆ ಅಕ್ಕನ ಹತ್ತಿರ ಹೋಗಿ ಕೂತು, ನಾನು ಬೋರ್ಡು ಹಾಕಿಸಿದವನೆಂದು ಹೇಳಿ, ದಾರಿ ಎಲ್ಲಿ ತಪ್ಪಿತೆಂದು ಕೇಳಿದೆ.

"ಹೋಗೂವಾಗ ಏನೂ ತ್ರಾಸ ಆಗ್ಲಿಲ್ರಿ. ನಿಮ್ಮ ಕೆಂಪು ಬಾಣ ನೋಡ್ಕೋತ ಹೋದೆ. ಚಪ್ಲಿ ಬಾಗಲ ಮುಂದ ಬಿಟ್ಟು ಒಳಗ ಹೋದೆ. ಚೀಟಿ ಈ ಕಿಟಕಿಯಾಗ ಕೊಡು, ಪೆಟ್ಟಿಗಿ ಆ ಕಿಟಕಿಯಾಗ ತಗೋ ಅಂದ್ರು. ತಗೊಂಡು ಹೊರಗ ಬಂದ್ರ ಅದು ಬ್ಯಾರೇನ ಬಾಗಲ! ಮುಂದ ಬಯಲು. ನನ್ನ ಚಪ್ಲಿ ಆ ಕಡಿ, ನಾ ಈ ಕಡಿ."

"ಒಳಗಿಂದನ ತಿರುಗಿ ಹೋಗಬಹುದಿತ್ತಲ್ಲ ಅಕ್ಕಾ?"

"ಬಿಡ್ಲಿಲ್ರಿ. ಬಂದ ಬಾಗಲಿಗೆ ಹೊಳ್ಳಿ ಹೋಗಂಗಿಲ್ಲ ಅಂದ್ರು. ಸುತ್ತು ಹಾಕಿ ಬ್ಲಡ್ ಬ್ಯಾಂಕ್ ಕಡಿ ಓಣಿ ಬಾಗಲಿಗೆ ಬಂದೆ, ಚಪ್ಲಿ ಅದರ ಒಳಗ ಅದಾವ, ಅಲ್ಲಿ ನಿಮ್ಮ ಗಾರ್ಡಪ್ಪ ಬೋರ್ಡ್ ತೋರಿಸಿದ. ಇಲ್ಲಿಂದ ಹೋಗೂದು ಅಷ್ಟ, ಬರಂಗಿಲ್ಲ ಅಂದ. ಮತ್ತ ಸುತ್ತಿದೆ. ಅಡಗಿ ಮನಿ ಬಂತು, ಬಟ್ಟಿ ಒಗಿಯೋ ಜಾಗ ಬಂತು. ಆಮ್ಯಾಲ ನೋಡ್ತೀನಿ, ರಸ್ತಾಕ್ಕ ಬಂದು ನಿಂತೀನಿ! ದೊಡ್ಡ ಗೇಟಿನಿಂದ ಮತ್ತ ಮೊದಲಿಂದ ಸುರು ಮಾಡಿದೆ."

ಬರೆದುಕೊಳ್ಳುತ್ತಲೇ ನನ್ನೊಳಗೆ ಒಂದು ಅಸಮಾಧಾನ ಎದ್ದಿತು. ಚಪ್ಪಲಿಗಾಗಿ? ತಂಗಿಯ ರಕ್ತ ಕೈಯಲ್ಲಿ ಹಿಡಿದು?

"ಚಪ್ಲಿ ಆಮ್ಯಾಲ ತಗೋಬಹುದಿತ್ತಲ್ಲ? ನೆಟ್ಟಗ ಅಂಗಳ ದಾಟಿದ್ರ ವಾರ್ಡಿನ ಬಾಗಲಾನ ಇತ್ತು."

ಅವರು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದರು.

"ನಿಮಗ ಬೂಟ್ ಅದಾವ ಬಿಡ್ರಿ."

ಅಂಗಳಕ್ಕೆ ಹೋದೆ. ಗಂಟೆ ಒಂದೂವರೆ. ಉದ್ಘಾಟನೆಗೆಂದು ಹಿಂದಿನ ತಿಂಗಳಷ್ಟೇ ಹಾಸಿದ ಕಪ್ಪು ಕಡಪ ಕಲ್ಲು. ಈ ಬಾಗಿಲಿಂದ ಆ ಬಾಗಿಲಿಗೆ ನಲವತ್ತೆರಡು ಹೆಜ್ಜೆ, ನೆರಳಿಲ್ಲ. ಶೂ ಕಳಚಿ, ಕಾಲುಚೀಲ ಕಳಚಿ, ಇಳಿದೆ. ನಾಲ್ಕು ಹೆಜ್ಜೆಯವರೆಗೆ ಇದು ಸಾಧ್ಯವೆಂದೇ ಅನ್ನಿಸಿತು. ಹನ್ನೊಂದನೆಯದಕ್ಕೆ ಯೋಚನೆ ನಿಂತುಹೋಗಿ ಮೈ ತಾನೇ ತಿರುಗಿ ಓಡಿತು.

ಗಾರ್ಡ್ ನೆರಳಲ್ಲಿ ನಿಂತು ನೋಡುತ್ತಿದ್ದ. "ಅಯ್ಯಯ್ಯೋ, ಬರ್ರಿ ಸಾರ್ ಈ ಕಡಿ! ಸಾಯಂತ್ರ ಆದ್ರೂ ಆ ಕಲ್ಲಿನ ಮ್ಯಾಲ ರೊಟ್ಟಿ ಬೇಯಿಸಬಹುದು."

"ಮತ್ತ ನೀ ಯಾಕ ಹೇಳಿಲ್ಲ ನನಗ?"

"ನೀವು ಬೋರ್ಡ್ ಬಗ್ಗೆ ಕೇಳಿದ್ರಿ, ಕಲ್ಲಿನ ಬಗ್ಗೆ ಕೇಳಿದ್ರೇನು?"

ಪಾದ ನೀರಿನ ತೊಟ್ಟಿಯ ಬುಡದಲ್ಲಿ ಇಟ್ಟುಕೊಂಡು ಕೂತೆ. ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿತ್ತು. ಈ ಸುತ್ತನ್ನು ನಾನು ಬರಿಗಾಲಲ್ಲಿ ನಡೆದು ನೋಡಿದ್ದೆ ಎಂದೇ ನನ್ನ ನೆನಪು. ಬ್ಲಡ್ ಬ್ಯಾಂಕಿನ ನೆಲದ ತಣ್ಣನೆಯ ಸ್ಪರ್ಶ, ಆಮೇಲೆ ಹೊರಗಿನ ಮಣ್ಣಿನ ಹರಳು, ಎರಡೂ ಪಾದಕ್ಕೆ ನೆನಪಿತ್ತು. ನೋಟ್‌ಬುಕ್ ತೆಗೆದೆ. ಜನವರಿ, ಬೆಳಿಗ್ಗೆ ಒಂಬತ್ತು. "ಪೂರ್ತಿ ಸುತ್ತು ನಡೆದೆ. ಸರಾಗ. ಬ್ಲಡ್ ಬ್ಯಾಂಕಿನವರು ಶೂ ಬಿಚ್ಚುವುದು ಬೇಡವೆಂದು ಮೇಲೆ ಪ್ಲಾಸ್ಟಿಕ್ ಕವರ್ ಹಾಕಿಕೊಳ್ಳಲು ಕೊಟ್ಟರು." ನನ್ನದೇ ಅಕ್ಷರ. ಆ ತಣ್ಣನೆಯ ನೆಲ ಎಲ್ಲಿಂದ ಬಂತೋ ತಿಳಿಯದು. ಬಹುಶಃ ಬೇರೆ ಯಾವುದೋ ಊರಿನ, ಬೇರೆ ಯಾವುದೋ ಗುಡಿಯ ನೆಲ.

ವಾರ್ಡಿಗೆ ಬಂದು ಹೆಡ್ ನರ್ಸ್‌ಗೆ ಎಲ್ಲ ಹೇಳಿದೆ. ಅವರು ಸಲೈನಿನ ಬಾಟಲು ಬದಲಿಸುತ್ತಿದ್ದರು, ತಿರುಗಲಿಲ್ಲ.

"ಜನವರಿಯಾಗ ನಾ ಹೇಳಿದ್ನೆಲ್ರಿ. ಆ ಬೆಂಚು ತಗಸ್ರಿ, ಓಣಿ ಅಗಲ ಆಗತೈತಿ, ಮಂದಿ ಹೋದ ದಾರಿಯಾಗ ಬರ್ಲಿ ಅಂತ."

"ನೀವು ಹೇಳಿದ್ದು ನನಗೆ ನೆನಪಿಲ್ಲ ಸಿಸ್ಟರ್."

"ನೆನಪು ಯಾಕ ಬೇಕು? ಬರಕೊಂಡಿದ್ರೆಲ್ಲ, ನಾ ನಿಂತು ನೋಡೀನಿ."

ಇತ್ತು. ಎರಡು ಪುಟ ಮುಂದೆ. "ಹೆಡ್ ನರ್ಸ್: ಬೆಂಚು ತೆಗೆದು ಓಣಿಯಲ್ಲೇ ಎರಡೂ ಕಡೆ ಬಿಡಬಹುದೇ?" ಅದರ ಕೆಳಗೆ: "ಬೇಡ. ಏಕಮುಖವೇ ಚೊಕ್ಕ." ಬೇಡ ಎಂಬುದರ ಕೆಳಗೆ ಎರಡು ಗೆರೆ.

ಆ ಮೂರು ತಿಂಗಳಲ್ಲಿ ನಾನು ನಂಬಿಕೊಂಡಿದ್ದೇ ಬೇರೆ. ಬೆಂಚು ಮುಟ್ಟಲು ಆಡಳಿತಾಧಿಕಾರಿ ಒಪ್ಪಲಿಲ್ಲ, ದಾನಿಗಳ ಮುಲಾಜು, ಹಾಗಾಗಿ ಅನಿವಾರ್ಯವಾಗಿ ಏಕಮುಖ ಮಾಡಬೇಕಾಯಿತು ಎಂದು. ಬೇರೆ ಊರಿನ ಸ್ನೇಹಿತರಿಗೂ ಹಾಗೆಯೇ ಹೇಳಿದ್ದೆ. ನೋಟ್‌ಬುಕ್ಕನ್ನು ಹಿಂದೆ ಮುಂದೆ ತಿರುವಿದೆ. ಬೆಂಚಿನ ವಿಷಯವನ್ನು ಆಡಳಿತಾಧಿಕಾರಿಯ ಹತ್ತಿರ ನಾನು ಎತ್ತಿದ್ದೇ ಎಲ್ಲಿಯೂ ಇಲ್ಲ.

ಆ ಮಧ್ಯಾಹ್ನ ಆಸ್ಪತ್ರೆಯ ಗೇಟಿನವರೆಗೆ ಎರಡು ಸಲ ಹೋಗಿ ಬಂದೆ. ಹೊರಗೆ ಚಹಾ ಕುಡಿದೆ. ಫಲಕಗಳೆಲ್ಲ ಸ್ಟೀಲು, ಗೋಡೆಗೆ ಕೊರೆದು ಕೂರಿಸಿದ್ದು. ಉದ್ಘಾಟನೆ ಮುಗಿಯುವವರೆಗೆ ಸುಮ್ಮನಿದ್ದು, ಆಮೇಲೆ "ಬಳಕೆಯ ಅನುಭವದ ಮೇರೆಗೆ" ಎಂದು ಒಂದು ವರದಿ ಬರೆದು ಬದಲಾಯಿಸಬಹುದಿತ್ತು. ಹಾಗೆ ಮಾಡುವವರನ್ನು ಕಂಡಿದ್ದೇನೆ. ಆದರೆ ಮರುದಿನ ಹನ್ನೆರಡಕ್ಕೆ ಆ ಚೀಲ ಬರುತ್ತಿತ್ತು.

ಆಡಳಿತಾಧಿಕಾರಿಯ ಕೋಣೆಗೆ ಹೋದೆ. ಹೆಡ್ ನರ್ಸ್ ಅವರನ್ನೂ ಕರೆದೆ. ಆಡಳಿತಾಧಿಕಾರಿ ಒಳ್ಳೆಯ ಮನುಷ್ಯ, ಆದರೆ ಆ ವಾರ ಅವರ ಮೇಜಿನ ಮೇಲೆ ಆಮಂತ್ರಣ ಪತ್ರಿಕೆಗಳ ಗುಡ್ಡ.

"ನಾಳೆ ವಾರ್ಡ್ ಬಾಯ್ ಕೈಲೆ ತರಿಸಿದ್ರ ಮುಗೀತಲ್ರಿ. ಇದಕ್ಕ ಬೋರ್ಡ್ ಯಾಕ ಕೀಳಬೇಕು?"

"ನಾಳಿ ಆದೀತು ಸಾರ್," ಎಂದರು ಹೆಡ್ ನರ್ಸ್. "ನಾಡಿದ್ದು? ಎಂಟು ವಾರ್ಡಿಗೆ ಇಬ್ರು ಅದಾರ. ಒಬ್ಬ ಸ್ಟ್ರೆಚರ್ ತಳ್ಳತಾನ, ಇನ್ನೊಬ್ಬ ನಿಮ್ಮ ಕಾರ್ಡ್ ಹಂಚಾಕ ಹೋಗ್ಯಾನ."

ಆಡಳಿತಾಧಿಕಾರಿ ಆಮಂತ್ರಣಗಳ ಗುಡ್ಡವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರು. "ಇಷ್ಟು ದಿನ ಇದ್ದದ್ದನ್ನ ಈಗ ಹೇಳ್ತೀರಲ್ರಿ. ಜನವರಿಯಾಗ ಯಾರಿಗೂ ಹೊಳೀಲಿಲ್ಲೇನು?"

ಹೆಡ್ ನರ್ಸ್ ನನ್ನ ಕಡೆ ನೋಡಲಿಲ್ಲ, ಕಿಟಕಿಯ ಕಡೆ ನೋಡಿದರು. ನೋಟ್‌ಬುಕ್ ತೆರೆದು ಆ ಪುಟವನ್ನು ಮೇಜಿನ ಮೇಲಿಟ್ಟೆ.

"ಇವರಿಗೆ ಹೊಳೆದಿತ್ತು ಸಾರ್. ಬೇಡ ಅಂದವನು ನಾನು. ನಿಮ್ಮನ್ನ ಕೇಳಲೂ ಇಲ್ಲ. ಆ ಹೆಣ್ಣುಮಗಳು ದಾರಿ ತಪ್ಪಿಲ್ಲ, ನಾನು ಹಾಕಿದ್ದು ನಡಿಯೋ ದಾರಿನೇ ಅಲ್ಲ. ಇವತ್ತೇ ಓಣಿನ ಎರಡೂ ಕಡೆಗೆ ಬಿಡಬೇಕು, ಬೆಂಚು ತೆಗಿಬೇಕು, ಬ್ಲಡ್ ಬ್ಯಾಂಕಿನಲ್ಲಿ ಚೀಟಿ ಕೊಟ್ಟ ಕಿಟಕಿಯಲ್ಲೇ ರಕ್ತ ಕೊಡಬೇಕು."

ಅವರು ಪುಟ ಓದಿದರು. ಎರಡು ಗೆರೆಯ ಮೇಲೆ ಅವರ ಬೆರಳು ಸ್ವಲ್ಪ ಹೊತ್ತು ನಿಂತಿತು.

"ಬೆಂಚು ಕೊಟ್ಟೋರಾಗ ಒಬ್ರು ಟ್ರಸ್ಟಿನವ್ರ ಬೀಗರು. ಸೋಮವಾರ ಬರ್ತಾರ. ತಮ್ಮ ತಾಯಿ ಹೆಸರು ಎಲ್ಲಿ ಅಂತ ಹುಡುಕ್ತಾರ."

"ಮುಂದಿನ ವರಾಂಡದಾಗ ಹಾಕ್ಸೋಣ್ರಿ," ಎಂದರು ಹೆಡ್ ನರ್ಸ್. "ಬೇವಿನ ಮರದ ನೆರಳು ಬರತೈತಿ. ಇಲ್ಲಿ ಕುಂತೋರು ಸ್ಟ್ರೆಚರಿಗೆ ಕಾಲು ಬಡಿಸ್ಕೊಂಡು ಬೈಕೋತಿದ್ರು. ಆ ತಾಯಿಗೂ ಪುಣ್ಯ ಬರ್ಲಿ ಅತ್ಲಾಗ."

ಆಡಳಿತಾಧಿಕಾರಿ ನಕ್ಕರು. ನಗುತ್ತಲೇ ಫೋನ್ ಎತ್ತಿದರು.

ನಾಲ್ಕು ಗಂಟೆಗೆ ಕೆಲಸದವರು ಬಂದರು. ಬೆಂಚಿನ ಕಾಲುಗಳು ನೆಲಕ್ಕೆ ಬೋಲ್ಟಿನಲ್ಲಿ ಬಿಗಿದಿದ್ದವು. ಕತ್ತಲಾಗುವುದರೊಳಗೆ ಒಂದನ್ನು ಬಿಟ್ಟು ಎಲ್ಲ ಎದ್ದವು. ಆ ಒಂದರ ಬೋಲ್ಟು ತುಕ್ಕು ಹಿಡಿದು ಅಲ್ಲಾಡಲಿಲ್ಲ. ಅದೇ ಬೀಗರದು. ಬ್ಲಡ್ ಬ್ಯಾಂಕಿನ ತಂತ್ರಜ್ಞೆ ಕಿಟಕಿ ಬದಲಿಸಲು ತಕರಾರು ಮಾಡಲಿಲ್ಲ. "ಫ್ರಿಜ್ಜಿನಿಂದ ಹತ್ತು ಹೆಜ್ಜಿ ಹೆಚ್ಚು ನಡೀಬೇಕು ಅಷ್ಟ. ನಡಿತೀವಿ ಬಿಡ್ರಿ" ಎಂದಳು. ಸ್ಟೀಲಿನ ಫಲಕಗಳಿಗೆ ನಾನೇ ಕಂದು ಕಾಗದ ಸುತ್ತಿದೆ.

ಆಮೇಲೆ ಓಣಿಯ ಬ್ಲಡ್ ಬ್ಯಾಂಕಿನ ತುದಿಯಲ್ಲಿ ನಿಂತು, ಬೆನ್ನು ತಿರುಗಿಸಿ, ವಾರ್ಡಿನ ಕಡೆ ನೋಡಿದೆ. ಮೂರು ತಿಂಗಳಲ್ಲಿ ಈ ದಿಕ್ಕಿಗೆ ಮುಖ ಮಾಡಿ ನಾನು ಎಷ್ಟು ಸಲ ನಿಂತಿದ್ದೆನೋ ಗೊತ್ತಿಲ್ಲ. ನೋಟ್‌ಬುಕ್ಕಿನಲ್ಲಂತೂ ಒಂದೂ ಇಲ್ಲ. ಆ ಕಡೆಯಿಂದ ನೋಡಿದರೆ ನನ್ನ ಬಾಣಗಳೆಲ್ಲ ಬೆನ್ನು ತೋರಿಸುತ್ತಿದ್ದವು. ಗೇಟಿನಿಂದ ಬರುವವನಿಗೆ ಪ್ರತಿ ತಿರುವಿನಲ್ಲೂ ಒಂದು ಫಲಕ. ಹಿಂದಿರುಗುವವನಿಗೆ ಬರೀ ಗೋಡೆ. ದಪ್ಪ ಕಾಗದದಲ್ಲಿ ಆರು ಫಲಕ ಬರೆದೆ: "ವಾರ್ಡುಗಳಿಗೆ ವಾಪಸ್". ತಿರುವಿಗೊಂದರಂತೆ, ಹಿಂದಿರುಗುವವರ ಕಣ್ಣಿಗೆ ಬೀಳುವಂತೆ ಅಂಟಿಸಿದೆ.

ಮರುದಿನ ಹನ್ನೊಂದೂವರೆಗೆ ವಾರ್ಡಿಗೆ ಹೋದೆ. ಸಿರುಗುಪ್ಪದ ಮಿಲ್ಲಿನವನು ಹಿಂದಿನ ಸಂಜೆಯೇ ಬಂದು ರಕ್ತ ಕೊಟ್ಟು ಹೋಗಿದ್ದ. ಪರೀಕ್ಷೆ ಮುಗಿದಿತ್ತು. ತಂಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ತುಟಿ ಬಿಳಿಚಿತ್ತು.

ಇದ್ದ ವಾರ್ಡ್ ಬಾಯ್ ಆಪರೇಷನ್ ಥಿಯೇಟರಿನಲ್ಲಿದ್ದ. ನಾನೇ ಹೋಗಿ ತರುತ್ತೇನೆಂದೆ. ಹೆಡ್ ನರ್ಸ್ ಆಗದೆಂದು ತಲೆಯಾಡಿಸಿದರು.

"ನಿಮಗ ರಕ್ತ ಕೊಡಂಗಿಲ್ಲ. ಚೀಟಿಯಾಗ ಆಕಿ ಹೆಸರೈತಿ, ಆಕಿನ ಸಹಿ ಮಾಡಬೇಕು. ನೀವು ಜೋಡಿ ಹೋಗ್ರಿ. ಆಕಿ ಎಲ್ಲೆರ ನಿಂತ್ರ ಬಾಯಿ ಬಿಟ್ಟು ಹೇಳ್ರಿ, ನೋಡ್ಕೋತ ಬರ್ಕೋತ ನಿಂದರಬ್ಯಾಡ್ರಿ."

ಸಿಸ್ಟರ್ ನನ್ನನ್ನು ಸರಿಯಾಗಿಯೇ ಓದಿದ್ದರು. ಹತ್ತು ಹೆಜ್ಜೆ ಹಿಂದೆ ಉಳಿದು, ಅಕ್ಕ ಯಾವ ಫಲಕದ ಮುಂದೆ ನಿಲ್ಲುತ್ತಾರೆ, ಎತ್ತ ನೋಡುತ್ತಾರೆ ಎಂದು ಗುರುತು ಹಾಕಿಕೊಳ್ಳುವ ಆಸೆ ನನಗಿತ್ತು. ನೋಟ್‌ಬುಕ್ಕನ್ನು ಅವರ ಮೇಜಿನ ಮೇಲೆ ಬಿಟ್ಟು ಹೊರಟೆ.

ಹನ್ನೆರಡೂ ಐದಕ್ಕೆ ಪೆಟ್ಟಿಗೆ ಕೈಗೆ ಬಂತು. ಚೀಟಿಯ ಮೇಲೆ ಸಮಯ ಹಾಕಿ ಕೊಟ್ಟರು. ಅಕ್ಕ ಬಂದ ಬಾಗಿಲಿಂದಲೇ ಹೊರಬಿದ್ದು, ನೋಡದೆಯೇ ಚಪ್ಪಲಿಯೊಳಗೆ ಕಾಲು ತೂರಿಸಿ, ಓಣಿಗೆ ಇಳಿದರು. ನಾನು ಪಕ್ಕದಲ್ಲೇ ಇದ್ದೆ. ಅರ್ಧ ದಾರಿಯಲ್ಲಿ, ಆ ಉಳಿದ ಬೆಂಚಿನ ಹತ್ತಿರ, ಎದುರಿನಿಂದ ಒಂದು ಸ್ಟ್ರೆಚರ್ ಬಂತು. ಅದರ ಜೊತೆ ಮನೆಯವರು ಆರೇಳು ಜನ. ಹಿಂದೆ ಲ್ಯಾಬಿಗೆ ಹೋಗುವ ಸಾಲು. ಬೆಂಚಿನ ಹತ್ತಿರ ಎಲ್ಲ ಒತ್ತಿಕೊಂಡು ನಿಂತುಬಿಟ್ಟಿತು. ಸ್ಟ್ರೆಚರಿನ ಚಕ್ರ ಬೆಂಚಿನ ಕಾಲಿಗೆ ಸಿಕ್ಕಿತ್ತು.

ಅಕ್ಕ ಪೆಟ್ಟಿಗೆಯನ್ನು ಎದೆಗೆ ಒತ್ತಿ ಗೋಡೆಗೆ ಆತು ನಿಂತರು. ನಾನು ಗಡಿಯಾರ ನೋಡಿದೆ. ಒಂದು ನಿಮಿಷ. ಎರಡು. ಏಕಮುಖದ ಪರವಾಗಿ ನಾನು ಜನವರಿಯಲ್ಲಿ ಹೇಳಿದ್ದ ಮಾತುಗಳೆಲ್ಲ ಈಗ ಕಣ್ಣೆದುರು ನಿಂತು ವಾದಿಸುತ್ತಿದ್ದವು. ಮೂರು. ಎದುರಿನ ತುದಿಯಿಂದ ಗಾರ್ಡಿನ ದನಿ ಕೇಳಿತು.

"ಏ, ಲ್ಯಾಬಿನೋರು ಎಲ್ಲಾ ಹಿಂದ ಸರೀರಿ! ಜರಗಂಡಿ, ಜರಗಂಡಿ! ಸ್ಟ್ರೆಚರ್ ಎತ್ತರಿ ಮ್ಯಾಕ, ತಳ್ಳಬ್ಯಾಡ್ರಿ! ಲೇ ತಮ್ಮಾ, ಫೋನ್ ಕಿಸೇದಾಗ ಇಡು, ಕೈ ಹಚ್ಚು! ರಕ್ತ ಬರಾಕತ್ತೈತಿ, ದಾರಿ ಬಿಡ್ರಿ ರಕ್ತಕ್ಕ!"

ನಾಲ್ಕು ಜನ ಸ್ಟ್ರೆಚರನ್ನು ಅಂಗೈ ಎತ್ತರ ಎತ್ತಿದರು. ಚಕ್ರ ಬಿಟ್ಟಿತು. ಜನ ಎರಡು ಬದಿಗೆ ಗೋಡೆಗಂಟಿಕೊಂಡು ನಡುವೆ ಒಂದು ಸೀಳು ಬಿಟ್ಟರು. ಅಕ್ಕ ಅದರೊಳಗೆ ಅಡ್ಡಡ್ಡ ನಡೆದು ದಾಟಿದರು. ಆಮೇಲೆ ಎಲ್ಲಿಯೂ ನಿಲ್ಲಲಿಲ್ಲ. ನನ್ನ ಆರು ಕಾಗದದ ಫಲಕಗಳಲ್ಲಿ ಒಂದನ್ನೂ ಅವರು ತಲೆಯೆತ್ತಿ ನೋಡಲಿಲ್ಲ. ಹೋದ ದಾರಿ ಅವರಿಗೆ ಗೊತ್ತಿತ್ತು.

ವಾರ್ಡು ಮುಟ್ಟಿದಾಗ ಹನ್ನೆರಡೂ ಹದಿನೇಳು. ಹೆಡ್ ನರ್ಸ್ ಚೀಲದ ಮೇಲಿನ ಚೀಟಿಯನ್ನು ಗಟ್ಟಿಯಾಗಿ ಓದಿದರು, ಇನ್ನೊಬ್ಬ ನರ್ಸ್ ಕೇಸ್ ಶೀಟು ನೋಡಿ ಹೌದೆಂದರು. ಹೆಸರು, ಗುಂಪು, ನಂಬರು. ಚೀಲವನ್ನು ಕೊಕ್ಕೆಗೆ ಸಿಕ್ಕಿಸಿ ನಳಿಗೆಯನ್ನು ಜೋಡಿಸಿದರು. ಮೊದಲ ಹನಿ ಬಿತ್ತು.

ಅಕ್ಕ ಮಂಚದ ಪಕ್ಕ ನೆಲಕ್ಕೆ ಕೂತರು. ತಂಗಿ ಕಣ್ಣು ಬಿಟ್ಟು, "ಎಕ್ಕಾ, ಚಳಿ ಆಗಾಕತ್ತೈತಿ" ಎಂದಳು. "ತಣ್ಣಂದು ಹೊಂಟೈತೆಲ್ಲ, ಅದಕ್ಕ," ಎಂದು ಅಕ್ಕ ಹೊದಿಕೆ ಎಳೆದು, ಮಂಡಿಯೂರಿ, ಅವಳ ಪಾದ ತಿಕ್ಕತೊಡಗಿದರು. ಆಗ ಅವರ ಅಂಗಾಲು ನಮ್ಮ ಕಡೆ ತಿರುಗಿತು. ಎರಡರಲ್ಲೂ ಹಿಮ್ಮಡಿಯಿಂದ ಬೆರಳ ಬುಡದವರೆಗೆ ನೀರುಗುಳ್ಳೆ. ಕೆಲವು ಒಡೆದಿದ್ದವು.

"ಇದೇನ್ರಿ ಅಕ್ಕಾರ!" ಎಂದರು ಹೆಡ್ ನರ್ಸ್.

"ನಿನ್ನಿ ಆ ಬಯಲು ದಾಟಾಕ ನೋಡಿದ್ನೆಲ್ರಿ ಎರಡು ಸಲ. ಅರ್ಧಕ್ಕ ಹೋಗಿ ತಿರುಗಿದೆ. ಎರಡ್ನೇ ಸಲ ಇನ್ನೊಂದೀಟು ಮುಂದಕ್ಕ ಹೋದೆ. ಪೆಟ್ಟಿಗಿ ಎಲ್ಲಿ ಕೆಳಗ ಬೀಳತೈತೋ ಅಂತ ಹೆದರಿಕಿ ಆತು."

"ನಿನ್ನೆ ನಾ ಕೇಳಿದಾಗ ಇದನ್ನ ಹೇಳಲಿಲ್ಲಲ್ಲ ಅಕ್ಕಾ," ಎಂದೆ.

"ನೀವು ದಾರಿ ಕೇಳಿದ್ರಿ. ಕಾಲು ಎಲ್ಲಿ ಕೇಳಿದ್ರಿ?"

ಹೇಳಿದ್ದರಲ್ಲಿ ಸಿಟ್ಟಿರಲಿಲ್ಲ. ತಂಗಿಯ ಪಾದ ತಿಕ್ಕುತ್ತಲೇ ಇದ್ದರು. ಹೆಡ್ ನರ್ಸ್ ಹತ್ತಿ, ಮುಲಾಮು, ಪಟ್ಟಿ ತಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. ಅಕ್ಕ ಕಾಲನ್ನು ಸೀರೆಯೊಳಗೆ ಎಳೆದುಕೊಂಡರು.

"ನನಗೇನಾಗೇತ್ರಿ. ಮೊದಲು ಆಕಿದು ಮುಗೀಲಿ."

"ಅದು ಮುಗಿಯೂದು ಮೂರು ತಾಸು ಆಗತೈತಿ."

"ಆಗ್ಲಿ ಬಿಡ್ರಿ."

ಹೆಡ್ ನರ್ಸ್ ಮುಲಾಮಿನ ತಟ್ಟೆಯನ್ನು ಮಂಚದ ಕೆಳಗೆ ಸರಿಸಿ ಬೇರೆ ರೋಗಿಗಳ ಕಡೆ ಹೋದರು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಎದ್ದು ಓಡಾಡಬೇಕೆಂದು ಅನ್ನಿಸಲಿಲ್ಲ. ತಂಗಿಗೆ ಜೋಂಪು ಹತ್ತಿತು. ಚೀಲ ನಿಧಾನವಾಗಿ ಚಪ್ಪಟೆಯಾಗುತ್ತಾ ಬಂತು. ಅವಳ ತುಟಿಯ ಬಣ್ಣ ಯಾವಾಗ ಬದಲಾಯಿತೆಂದು ನಾನು ಹೇಳಲಾರೆ. ನೋಡುತ್ತಲೇ ಇದ್ದೆ, ಆದರೂ ಹೇಳಲಾರೆ.

ಮೂರು ಗಂಟೆ ದಾಟಿದ ಮೇಲೆ ಹೆಡ್ ನರ್ಸ್ ಬಂದು ನಾಡಿ ನೋಡಿದರು, ರಕ್ತದೊತ್ತಡ ನೋಡಿದರು, ಖಾಲಿ ಚೀಲವನ್ನು ಕೊಕ್ಕೆಯಿಂದ ಇಳಿಸಿದರು. "ಆತು," ಎಂದರು. ಅಕ್ಕ ಗೋಡೆಗೆ ಒರಗಿ, ಸೀರೆಯನ್ನು ಕಣಕಾಲಿನವರೆಗೆ ಸರಿಸಿ, ಎರಡೂ ಕಾಲು ಚಾಚಿದರು.